ನಕಲು ಮಾಡದೆ ಬಿಟ್ಟ ಹಾಳೆ

ಆ ಭಾನುವಾರವೂ ಐದೂವರೆಗೇ ಎದ್ದೆ. ಎದ್ದ ಕೂಡಲೇ ನಾನು ಮೊದಲು ನೋಡುತ್ತಿದ್ದುದು ಕೋಣೆಯ ದೀಪದಿಂದ ಇಳಿಬಿದ್ದ ದಾರವನ್ನು. ಅದು ಅಲುಗದೆ ನೇರವಾಗಿ ನಿಂತಿದ್ದರೆ ನೆಲ ಸುಮ್ಮನಿದೆ ಎಂದರ್ಥ. ಮಾರ್ಚ್ ತಿಂಗಳ ಭೂಕಂಪವಾಗಿ ಏಳು ತಿಂಗಳು ಕಳೆದಿದ್ದರೂ ಜಪಾನಿನ ಸಗಮಿಹಾರಾದ ನಮ್ಮ ಕಟ್ಟಡದಲ್ಲಿ ಯಾವ ಹೆಂಗಸೂ ಈ ಅಭ್ಯಾಸವನ್ನು ಬಿಟ್ಟಿರಲಿಲ್ಲ. ದಾರ ಸುಮ್ಮನಿತ್ತು. ಹಿಂದಿನ ದಿನದ ಸ್ನಾನದ ತೊಟ್ಟಿಯ ನೀರನ್ನು ಬಕೆಟ್ಟಿನಲ್ಲಿ ಮೊಗೆದು ವಾಷಿಂಗ್ ಮಷೀನಿಗೆ ಸುರಿದೆ. ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದೆ. ಗಂಡ ಇನ್ನೂ ಮಲಗಿದ್ದರು. ಬಾಹ್ಯಾಕಾಶ ಸಂಶೋಧನೆಯವರಿಗೆ ಭಾನುವಾರವೊಂದೇ ನಿದ್ದೆಯ ದಿನ.

ತಾಲೀಮಿನ ದಿನ ನಮ್ಮ ಮನೆಯಲ್ಲಿ ಚಿತ್ರಾನ್ನ ನಿಷಿದ್ಧ. ಅರಿಶಿನ ಬೆರಳಿಗೆ ಹತ್ತಿ, ಬೆರಳಿನಿಂದ ಬಿಳಿ ಕೈಗವಸಿಗೆ ಹತ್ತುತ್ತದೆ. ಹಾಗಾಗಿ ಬಿಳಿ ಅನ್ನವನ್ನೇ ಉಂಡೆ ಕಟ್ಟಿ, ನಡುವೆ ಒಂದು ಚೂರು ಮಾವಿನಕಾಯಿ ಉಪ್ಪಿನಕಾಯಿ ಅಡಗಿಸಿ, ಡಬ್ಬಿಗೆ ತುಂಬಿದೆ. ಮಗಳು ಎದ್ದು ಬಂದಳು. ಅವಳ ಕೈಗವಸುಗಳು ಒಗೆದು, ಒಣಗಿ, ಒಂದರ ಮೇಲೊಂದು ಮಡಿಸಿ ತುತ್ತೂರಿಯ ಪೆಟ್ಟಿಗೆಯ ಮೇಲೆ ಕೂತಿದ್ದವು. ತುತ್ತೂರಿಯನ್ನು ಹಿಂದಿನ ಸಂಜೆಯೇ ಎಣ್ಣೆ ಹಾಕಿ ಒರೆಸಿಟ್ಟಿದ್ದಳು. ಬಳಸಲು ಹೊರಟವರು ಅಷ್ಟು ಹೊಳಪಿಸುವುದಿಲ್ಲ. ಹಿಂದಿರುಗಿಸುವವರು ಹೊಳಪಿಸುತ್ತಾರೆ.

"ಇವತ್ತೇ ಕೊಟ್ಬಿಡ್ತೀಯಾ?" ಎಂದೆ.

"ಐ ಟೋಲ್ಡ್ ಯೂ, ಅಮ್ಮ," ಎಂದಳು. ಉಂಡೆಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಹದಿಮೂರು ವರ್ಷದ ಮುಖ ಮುಚ್ಚಿದ ಅಂಗಡಿಯ ಹಾಗಿತ್ತು.

ಅವಳು ಸೇರಿದ್ದು ಅಲ್ಲಿನ ಡ್ರಮ್ ಕೋರ್ ಒಂದಕ್ಕೆ. ತುತ್ತೂರಿ, ಡೋಲು, ಬಾವುಟ ಹಿಡಿದ ಮಕ್ಕಳು ಮೈದಾನದ ತುಂಬ ನಡೆಯುತ್ತಾ, ನಡೆಯುತ್ತಲೇ ನುಡಿಸುತ್ತಾ, ಮೇಲಿನಿಂದ ನೋಡುವವರಿಗೆ ವೃತ್ತ, ನಕ್ಷತ್ರ, ಅಲೆ ಎಂದು ಕಾಣುವಂತೆ ಸಾಲು ಬದಲಿಸುವ ಕಲೆ ಅದು. ವರ್ಷಕ್ಕೊಮ್ಮೆ ಸ್ಪರ್ಧೆ, ಅಂಕ, ಅಳು. ಈ ತಂಡಕ್ಕೆ ಒಂದು ಹಳೆಯ ಧಾಟಿ ಇತ್ತು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ್ದು. ತಂಡ ಹುಟ್ಟಿದಾಗಿನಿಂದ ಅದನ್ನೇ ನುಡಿಸುತ್ತಾ ಬಂದಿದ್ದರು. ಅದರ ನಡುವೆ ತುತ್ತೂರಿಗಳು ಒಂದೇ ಉಸಿರಿನಲ್ಲಿ ಹದಿನಾರು ಸ್ವರ ಮೇಲೇರುವ ಜಾಗವೊಂದಿತ್ತು. ಅಭಿಮಾನಿಗಳು ಅದನ್ನು ಮೆಟ್ಟಿಲು ಎನ್ನುತ್ತಿದ್ದರು. ಆ ಮೆಟ್ಟಿಲಿಗಾಗಿಯೇ ದೂರದ ಊರುಗಳಿಂದ ರೈಲು ಹತ್ತಿ ಬರುವವರಿದ್ದರು.

ಆ ವರ್ಷ ಮೆಟ್ಟಿಲು ಇರಲಿಲ್ಲ. ಮಾರ್ಚಿನಲ್ಲಿ ಸರದಿಯ ಮೇಲೆ ಕರೆಂಟು ತೆಗೆಯುತ್ತಿದ್ದರು. ತಾಲೀಮಿನ ಜಿಮ್ನೇಷಿಯಮ್ಮಿನ ಚಾವಣಿ ಬಿರುಕು ಬಿಟ್ಟು ಬೇಸಿಗೆಯವರೆಗೂ ಬೀಗ ಬಿದ್ದಿತ್ತು. ತಂಡದ ಗುರುಗಳು, ನಾವೆಲ್ಲ ಸೆನ್ಸೇ ಎನ್ನುತ್ತಿದ್ದವರು, ಧಾಟಿಯನ್ನು ಹೊಸದಾಗಿ ಬರೆದು, ಹದಿನಾರು ಸ್ವರದ ಜಾಗದಲ್ಲಿ ನಾಲ್ಕು ಉದ್ದ ಸ್ವರಗಳನ್ನಿಟ್ಟರು. ಅಷ್ಟಕ್ಕೇ ಅಭಿಮಾನಿಗಳು ಎರಡು ಪಾಳಯವಾದರು. ಧಾಟಿಯನ್ನು ತೆಳ್ಳಗೆ ಮಾಡಿಬಿಟ್ಟರು ಎಂದು ಕೆಲವರು, ಈಗಲಾದರೂ ಅದು ಕಿವಿಗೆ ಸರಿಯಾಗಿ ಬಿತ್ತು ಎಂದು ಕೆಲವರು. ಅಂತರ್ಜಾಲದಲ್ಲಿ ಏನೇನು ಬರೆದುಕೊಂಡರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಕಾಗದದ ಮೇಲೆ ಬರೆದದ್ದು, ಏಕೆಂದರೆ ಆ ಕಾಗದಗಳು ನನ್ನ ಅಡುಗೆಮನೆಯ ಮೇಜಿನ ಮೇಲಿದ್ದವು.

ಅಲ್ಲಿ ಒಂದು ಪದ್ಧತಿಯುಂಟು. ಸಾರ್ವಜನಿಕರ ಎದುರು ನುಡಿಸಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಹಾಳೆ, ಒಂದು ಗಿಡ್ಡ ಪೆನ್ಸಿಲು ಕೊಟ್ಟು ಅಭಿಪ್ರಾಯ ಬರೆಸಿಕೊಳ್ಳುತ್ತಾರೆ. ಹೆಸರು ಬೇಡ. ಬರೆದವರ ಕೈಬರಹ ಯಾರಿಗೂ ಗುರುತು ಸಿಗಬಾರದೆಂದು ತಾಯಂದಿರಲ್ಲಿ ಒಬ್ಬರು ಅವನ್ನೆಲ್ಲ ಬೇರೆ ಕಾಗದದ ಮೇಲೆ ನಕಲು ಮಾಡಿ, ಮುಂದಿನ ಅಭಿಮಾನಿಗಳ ಸಭೆಯಲ್ಲಿ ಗೋಡೆಗೆ ಹಚ್ಚಬೇಕು. ಮನಸ್ಸು ನೋಯಿಸುವಂಥದ್ದಿದ್ದರೆ ಪೋಷಕರ ಸಂಘದ ಅಧ್ಯಕ್ಷೆಯ ಕೈಗೆ ಕೊಟ್ಟುಬಿಡಬೇಕು. ಆ ಸಲ ನಕಲಿನ ಸರದಿ ನನ್ನದು. ಹಾಸನದ ಕಾನ್ವೆಂಟಿನಲ್ಲಿ ಹತ್ತು ವರ್ಷ ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿದವಳು ನಾನು. ಜಪಾನಿನ ಅಕ್ಷರಗಳನ್ನೂ ಚಿತ್ರ ಬಿಡಿಸಿದಂತೆ ದುಂಡಗೆ ಬರೆಯುತ್ತೇನೆಂದು ಅವರಿಗೆಲ್ಲ ಮೆಚ್ಚುಗೆ. ನೋಡಿ ಬರೆಯಬಲ್ಲೆ, ಆದರೆ ಕಾಂಜಿ ಎಂಬ ಚಿತ್ರಲಿಪಿಯ ಅಕ್ಷರಗಳು ಹೆಚ್ಚಿದ್ದರೆ ಓದಿ ಅರ್ಥ ಮಾಡಿಕೊಳ್ಳಲಾರೆ. ಏನು ಬರೆಯುತ್ತಿದ್ದೇನೆಂದು ತಿಳಿಯದೆ ಬರೆಯುವುದು ಬೇಡವೆಂದು, ಗುರುವಾರ ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ನಾನು ಮಾಡಿದ ತಪ್ಪು ಅದು. ಇಂದಿಗೂ ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ.

ಅವಳು ಆಟದ ಹಾಗೆ ಶುರುಮಾಡಿದಳು. ಒಂದೊಂದು ಹಾಳೆಗೂ ಒಂದೊಂದು ಧ್ವನಿ. "ಬಾವುಟದ ಹುಡುಗಿಯರು ನಗಬೇಕು ಅಂತೆ." ಪಕ್ಕಕ್ಕಿಟ್ಟಳು. "ಮೆಟ್ಟಿಲು ಇಲ್ದಿದ್ರೆ ಅದು ಮನೇನೇ ಅಲ್ವಂತೆ. ಓಹೋ." ಪಕ್ಕಕ್ಕಿಟ್ಟಳು. "ಈ ಅಂಕಲ್‌ಗೆ ಶೌಚಾಲಯ ದೂರ ಆಯ್ತಂತೆ." ಇಬ್ಬರೂ ನಕ್ಕೆವು. ಮುಂದಿನ ಹಾಳೆ ಎತ್ತಿಕೊಂಡಳು. ಓದಲು ಬಾಯಿ ತೆರೆದಳು, ಮುಚ್ಚಿದಳು.

"ಏನಂತೆ?"

"ನಥಿಂಗ್."

"ಓದೇ, ಬರೀಬೇಕಲ್ಲ ನಾನು."

ಆಗ ಅವಳು ಧ್ವನಿಯನ್ನೇ ಹಾಕದೆ, ಶಾಲೆಯ ಪಾಠ ಓದುವಂತೆ, ಒಂದೊಂದು ಪದವನ್ನೂ ಕನ್ನಡಕ್ಕೆ ತಿರುಗಿಸುತ್ತಾ ಓದಿದಳು. ಹಳೆಯ ಧಾಟಿಯನ್ನು ಕಲಿಯಲಾರದ ಒಂದು ಮಗುವಿಗಾಗಿ ಎಲ್ಲರ ಮೆಟ್ಟಿಲನ್ನೂ ಕಿತ್ತು ಇಳಿಜಾರು ಮಾಡಿದ್ದಾರೆ. ಬೇರೆ ದೇಶದಿಂದ ಬಂದ ಮಗುವಿಗೆ ಆದರ ತೋರಿಸುವುದು ಒಳ್ಳೆಯದೇ. ಆದರೆ ಅಂಕ ಕೊಡುವವರು ಆದರವನ್ನು ನೋಡುವುದಿಲ್ಲ.

ತಂಡದಲ್ಲಿ ಬೇರೆ ದೇಶದಿಂದ ಬಂದ ಮಗು ಒಂದೇ.

ಅವಳು ಹಾಳೆಯನ್ನು ಉಳಿದವುಗಳ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟಳು. "ಸಂಡೇ ದಿನ ಹಾರ್ನ್ ವಾಪಸ್ ಕೊಟ್ಬಿಡ್ತೀನಿ," ಎಂದು ಎದ್ದುಹೋದಳು. ಬಾಗಿಲನ್ನು ದಡಾರನೆ ಹಾಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮೆತ್ತಗೆ ಹಾಕಿಕೊಂಡಳು.

ನಾನು ಆ ಹಾಳೆಯನ್ನು ನೋಡುತ್ತಾ ಕುಳಿತೆ. ಎಲ್ಲರೂ ಗಿಡ್ಡ ಪೆನ್ಸಿಲಿನಲ್ಲಿ ಬರೆದಿದ್ದರೆ ಇದೊಂದು ನೀಲಿಗಪ್ಪು ಶಾಯಿಯಲ್ಲಿತ್ತು. ಪ್ರತಿ ಸಾಲಿನ ಕೊನೆಯ ಅಕ್ಷರದ ಬಾಲವನ್ನು ಕೊಕ್ಕೆಯ ಹಾಗೆ ಮೇಲಕ್ಕೆತ್ತಿದ್ದರು. ಎದ್ದು ಹೋಗಿ ಮಗಳ ತುತ್ತೂರಿಯ ಪೆಟ್ಟಿಗೆಯನ್ನು ತಿರುಗಿಸಿದೆ. ಅದರ ಹಿಡಿಗೆ ಕಟ್ಟಿದ ಹೆಸರಿನ ಚೀಟಿಯಲ್ಲಿ ಅದೇ ಶಾಯಿ, ಅದೇ ಕೊಕ್ಕೆ. ತಂಡದ ಎಲ್ಲ ಪೆಟ್ಟಿಗೆಗಳ ಚೀಟಿಗಳನ್ನೂ ಬರೆಯುವವರು ಒಬ್ಬರೇ. ತಂಡದ ಮೊದಲ ಸಾಲಿನಲ್ಲಿ ಹುಡುಗಿಯಾಗಿದ್ದಾಗ ಊದಿದವರು, ಈಗ ಅರವತ್ತು ದಾಟಿದ, ಎಲ್ಲ ತಾಲೀಮಿಗೂ ಬಂದು ಕೂರುವ ಹೆಂಗಸು. ಮಕ್ಕಳೆಲ್ಲ ಹೆದರಿ ಬಾಗುತ್ತಿದ್ದ ಅವರನ್ನು ಮಗಳು ಮನೆಯಲ್ಲಿ ಲೇಬಲ್ ಆಂಟಿ ಎನ್ನುತ್ತಿದ್ದಳು. ಜೂನ್‌ನಲ್ಲಿ ಇವಳು ಸೇರಿದಾಗ ಚೀಟಿ ಕಟ್ಟಿಕೊಟ್ಟು, ನನ್ನ ಕೈ ಹಿಡಿದು, "ಇಂಡಿಯಾದವರಿಗೆ ಯೋಗ ಇದೆಯಲ್ಲ, ಉಸಿರು ಚೆನ್ನಾಗಿರುತ್ತೆ," ಎಂದಿದ್ದರು. ಹಿಂದಿನ ವಾರವಷ್ಟೇ ಮನೆಯ ಮರದ ಪರ್ಸಿಮನ್ ಹಣ್ಣು ಕೊಟ್ಟಿದ್ದರು. ಆರು ಹಣ್ಣು. ನಾಲ್ಕು ತಿಂದಾಗಿತ್ತು, ಉಳಿದೆರಡು ಮೇಜಿನ ಮೇಲೆ ನನ್ನ ಎದುರಿಗೇ ಇದ್ದವು.

ಸಿಟ್ಟು ಬಂದರೆ ತುಟಿ ಬಿಗಿದು ಹತ್ತರವರೆಗೆ ಎಣಿಸಬೇಕೆಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. ಎಣಿಸಿದೆ. ಹತ್ತು ಮುಗಿಯಿತು, ಸಿಟ್ಟು ಹಾಗೇ ಇತ್ತು, ಆದರೆ ಒಪ್ಪವಾಗಿ ಜೋಡಿಸಿಟ್ಟ ಬೀರುವಿನಂತೆ ಆಗಿತ್ತು. ಎಲ್ಲಿ ಏನಿದೆ ಎಂದು ಕಾಣುತ್ತಿತ್ತು.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಧಾಟಿಯ ವಿಷಯದಲ್ಲಿ ನಾನೂ ಲೇಬಲ್ ಆಂಟಿಯ ಪಕ್ಷದವಳೇ. ಶಾಲೆಯ ಬ್ಯಾಂಡಿನಲ್ಲಿ ನಾನು ಸೈಡ್ ಡ್ರಮ್ ಬಾರಿಸುತ್ತಿದ್ದೆ; ಗಣರಾಜ್ಯೋತ್ಸವಕ್ಕೆಂದು ಬ್ಯಾಂಡ್ ಮಾಸ್ಟರು ಡ್ರಮ್ಮಿನ ಒಂದು ಕಷ್ಟದ ರೋಲನ್ನು ಸುಲಭ ಮಾಡಿಕೊಟ್ಟಾಗ ನಾವು ಹುಡುಗಿಯರು ಎರಡು ದಿನ ಮುಖ ಊದಿಸಿಕೊಂಡಿದ್ದೆವು. ಹಳೆಯ ಧ್ವನಿಮುದ್ರಣದಲ್ಲಿ ಆ ಮೆಟ್ಟಿಲನ್ನು ಕೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ಹೊಸ ನಾಲ್ಕು ಸ್ವರಗಳು ಲಿಫ್ಟಿನಲ್ಲಿ ಹೋದಂತೆ ಇದ್ದವು. ಅಷ್ಟನ್ನೇ ಆಕೆ ಬರೆದಿದ್ದರೆ ನಾನು ಅದನ್ನು ಎರಡು ಸಲ, ಎರಡು ಬಣ್ಣದಲ್ಲಿ ನಕಲು ಮಾಡುತ್ತಿದ್ದೆ.

ಶುಕ್ರವಾರ, ಶನಿವಾರ ಕುಳಿತು ಉಳಿದ ಹಾಳೆಗಳನ್ನೆಲ್ಲ ತಿಳಿಬಣ್ಣದ ಕಾಗದಗಳ ಮೇಲೆ ನಕಲು ಮಾಡಿದೆ. ಶೌಚಾಲಯದ್ದನ್ನೂ ಬಿಡಲಿಲ್ಲ. ಆ ಒಂದನ್ನು ಮಾತ್ರ ಮಾಡಲಿಲ್ಲ. ಅಧ್ಯಕ್ಷೆಗೂ ಕೊಡಲಿಲ್ಲ. ಮಡಿಕೆ ಬೀಳದಂತೆ ರಟ್ಟಿನ ನಡುವೆ ಇಟ್ಟುಕೊಂಡೆ.

ಸಭೆ ಬಡಾವಣೆಯ ಸಾರ್ವಜನಿಕ ಭವನದಲ್ಲಿ. ಮಕ್ಕಳು ಹಿಂದಿನ ಅಂಗಳದಲ್ಲಿ ನಡಿಗೆಯ ತಾಲೀಮು ಮಾಡುತ್ತಿದ್ದರು, ಡೋಲಿನ ಸದ್ದು ಕಿಟಕಿಯ ಗಾಜಿಗೆ ಬಡಿಯುತ್ತಿತ್ತು. ನಾನು ಒಂದು ಗಂಟೆ ಮೊದಲೇ ಹೋದೆ. ಗೋಡೆಗೆ ಕಾಗದ ಹಚ್ಚುವುದನ್ನು ನಮಗೆ ಕಾನ್ವೆಂಟಿನಲ್ಲಿ ಸ್ಕೇಲು ಹಿಡಿದು ಕಲಿಸಿದ್ದರು. ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಸಾಲು ತಪ್ಪದಂತೆ ಹಚ್ಚುತ್ತಾ ಬಂದೆ. ಹಸಿರು, ಗುಲಾಬಿ, ಹಳದಿ, ಮತ್ತೆ ಹಸಿರು. ನಡುವೆ, ನಿಂತವರ ಕಣ್ಣಿನ ಎತ್ತರಕ್ಕೆ, ಆ ಬಿಳಿ ಹಾಳೆ. ಆಮೇಲೆ ಚಹಾದ ಮೇಜನ್ನು ಕಿಟಕಿಯ ಬಳಿಯಿಂದ ಎಳೆದು ತಂದು ಅದರ ಕೆಳಗಿಟ್ಟೆ. ಬಿಸಿನೀರಿನ ಪಾತ್ರೆಯ ನಲ್ಲಿ ಬಹಳ ಸಣ್ಣದು. ಒಂದು ಲೋಟ ತುಂಬಲು ಎಷ್ಟು ಹೊತ್ತಾಗುತ್ತದೆಂದು ನನಗೆ ಗೊತ್ತಿತ್ತು. ಅಷ್ಟು ಹೊತ್ತು ಸುಮ್ಮನೆ ನಿಂತವರು ಎದುರಿಗಿದ್ದುದನ್ನು ಓದಲೇಬೇಕು.

ಅಧ್ಯಕ್ಷೆ ಬಂದರು. ತೆಳ್ಳನೆಯ, ಯಾವಾಗಲೂ ಮೊದಲು ಕ್ಷಮೆ ಕೇಳಿ ಆಮೇಲೆ ಮಾತಾಡುವ ಹೆಂಗಸು. ಸಾಲನ್ನು ನೋಡುತ್ತಾ ಬಂದವರು ಬಿಳಿ ಹಾಳೆಯ ಮುಂದೆ ನಿಂತರು. ಕುತ್ತಿಗೆ ಮೆಲ್ಲಗೆ ಕೆಂಪಾಯಿತು.

"ಸುಮಿಮಾಸೆನ್, ಒಕಾಸಾನ್," ಎಂದರು. ಅಲ್ಲಿ ಮಕ್ಕಳ ತಾಯಂದಿರನ್ನು ಹಾಗೆ, ಅಮ್ಮ ಎಂದೇ ಕರೆಯುತ್ತಾರೆ. "ಇದೊಂದು ನಕಲು ಆಗಿಲ್ಲ ಅನ್ನಿಸುತ್ತೆ."

"ಸುಮಿಮಾಸೆನ್," ಎಂದು ನಾನು ಅವರಿಗಿಂತ ಕೆಳಗೆ ಬಾಗಿದೆ. "ಇದರಲ್ಲಿ ಕಾಂಜಿ ಅಕ್ಷರ ತುಂಬ ಕಷ್ಟ. ನನಗೆ ಓದೋಕೆ ಬರಲಿಲ್ಲ. ತಪ್ಪಾಗಿ ಬರೆದರೆ ಬರೆದವರಿಗೆ ಅವಮಾನ ಅಲ್ವಾ. ಅದಕ್ಕೇ ಇದ್ದ ಹಾಗೇ ಹಚ್ಚಿದೆ."

ಅವರು ನನ್ನನ್ನೇ ನೋಡಿದರು. ನನ್ನ ಮುಖದಲ್ಲಿ ಆರು ವರ್ಷದಿಂದ ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಪಾಪದ, ಏನೂ ತಿಳಿಯದ ವಿದೇಶಿ ಗೃಹಿಣಿಯ ನಗುವಿತ್ತು. ಆ ನಗುವಿನ ಎದುರು ಅವರ ಭಾಷೆಯಲ್ಲಿ ಬೈಗುಳವೇ ಇಲ್ಲ. ಕಿತ್ತುಹಾಕಿದರೆ ಯಾಕೆ ಕಿತ್ತೆ ಎಂದು ನನಗೆ ವಿವರಿಸಬೇಕು. ವಿವರಿಸಿದರೆ ನನ್ನ ಮಗುವಿನ ವಿಷಯವನ್ನು ನನ್ನ ಎದುರೇ ಬಾಯಿಬಿಟ್ಟು ಹೇಳಬೇಕು. "ನಿಮಗೆ ಶ್ರಮವಾಯಿತು," ಎಂದಷ್ಟೇ ಹೇಳಿ ಕುರ್ಚಿಗಳನ್ನು ಜೋಡಿಸಲು ಹೋದರು.

ಜನ ಬಂದರು. ಚಹಾಕ್ಕೆ ಸಾಲು ನಿಂತರು. ನಾನು ಪ್ರತಿಯೊಬ್ಬರ ಕಣ್ಣನ್ನೂ ನೋಡುತ್ತಿದ್ದೆ. ಮೊದಲು ಹಸಿರು, ಆಮೇಲೆ ಗುಲಾಬಿ, ಆಮೇಲೆ ಬಿಳಿಯದರ ಮೇಲೆ ನಿಂತುಬಿಡುವುದು. ಓದಿ ಮುಗಿದ ಮೇಲೆ ಕಣ್ಣು ನೇರವಾಗಿ ಬಾಗಿಲ ಬಳಿಗೆ ಹೋಗುವುದು. ಅಲ್ಲಿ ಲೇಬಲ್ ಆಂಟಿ ಕುಳಿತು, ಬಂದವರಿಗೆಲ್ಲ ಎದೆಗೆ ಹಚ್ಚಿಕೊಳ್ಳುವ ಹೆಸರಿನ ಚೀಟಿ ಬರೆದುಕೊಡುತ್ತಿದ್ದರು. ಎಲ್ಲರ ಎದೆಯ ಮೇಲೂ ನೀಲಿಗಪ್ಪು ಶಾಯಿ, ಬಾಲ ಎತ್ತಿದ ಅಕ್ಷರ. ಹತ್ತು ನಿಮಿಷದಲ್ಲಿ ಆಕೆಯ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿದವು. ನನಗೆ ಆಗ ಆದ ಸಂತೋಷವನ್ನು ಮರೆಮಾಡಿ ಬರೆಯಲಾರೆ. ಹಬ್ಬದ ದಿನ ಹೋಳಿಗೆ ಒಂದೂ ಹರಿಯದೆ ಉಬ್ಬಿದಾಗ ಆಗುವಂಥ ಸಂತೋಷ ಅದು.

ಚರ್ಚೆ ಶುರುವಾಯಿತು. ಸ್ಪರ್ಧೆಗೆ ಇನ್ನೂ ಮೂರು ವಾರವಿತ್ತು. ಮೆಟ್ಟಿಲನ್ನು ಮತ್ತೆ ಸೇರಿಸಬೇಕೋ ಬೇಡವೋ ಎಂಬುದೇ ವಿಷಯ. ರೈಲಿನಲ್ಲಿ ಚಾಲಕರಾಗಿದ್ದು ನಿವೃತ್ತರಾದ ಒಬ್ಬ ತಾತ ಮೊದಲು ಎದ್ದರು. "ಇಪ್ಪತ್ತು ವರ್ಷದಿಂದ ಈ ಧಾಟಿ ಕೇಳ್ತಿದ್ದೀನಿ. ಮನೆಗೆ ಹೋಗೋ ದಾರೀಲಿ ಗುನುಗೋಕೆ ಆಗಿದ್ದು ಈ ವರ್ಷವೇ."

"ಗುನುಗೋಕೆ ಆಗೋ ಹಾಡು ಸೂಪರ್ ಮಾರ್ಕೆಟ್ಟಲ್ಲೂ ಹಾಕ್ತಾರೆ, ತಾತ," ಎಂದಳು ಒಂದು ಕಾಲಕ್ಕೆ ತಂಡದಲ್ಲಿ ಬಾವುಟ ಹಿಡಿದಿದ್ದ ಒಬ್ಬ ಯುವತಿ.

"ಅಲ್ಲಿ ಯಾರೂ ಅಪಸ್ವರ ಊದಲ್ಲ, ಅದೇ ಸುಖ. ಹೋದ ವರ್ಷ ಆ ಮೆಟ್ಟಿಲಲ್ಲಿ ಅರ್ಧ ಮಕ್ಕಳು ಜಾರಿ ಬಿದ್ದರಲ್ಲ."

"ಬಿದ್ದರೂ ಹತ್ತಿದ್ರು. ನೋಡೋಕೆ ಬಂದಿದ್ದೇ ಅದನ್ನ."

"ನಿನ್ನ ಕೈಲಿ ಬಾವುಟ ಇತ್ತಮ್ಮ, ತುತ್ತೂರಿ ಇರಲಿಲ್ಲ."

ಎಲ್ಲರೂ ನಕ್ಕರು. ಇಂಥ ಸಭೆಗಳಲ್ಲಿ ಯಾವಾಗಲೂ ಮೊದಲು ಮಾತಾಡುತ್ತಿದ್ದವರು ಲೇಬಲ್ ಆಂಟಿ. ಈ ಸಲ ಅವರ ಕಡೆ ಯಾರೂ ತಿರುಗಲಿಲ್ಲ, ನೀವೇನು ಹೇಳುತ್ತೀರಿ ಎಂದು ಕೇಳಲಿಲ್ಲ. ಏನೋ ಆಗಿದೆ ಎಂದು ಅವರಿಗೂ ಅನ್ನಿಸಿರಬೇಕು. ಎದ್ದು ಚಹಾದ ಮೇಜಿಗೆ ಬಂದರು.

ನಾನೇ ಲೋಟ ಹಿಡಿದೆ. ನಲ್ಲಿಯನ್ನು ಅರ್ಧ ಮಾತ್ರ ತಿರುಗಿಸಿದೆ. ಅವರು ತಲೆಯೆತ್ತಿದರು. ಕನ್ನಡಕವನ್ನು ಚೀಲದಿಂದ ತೆಗೆದು ಹಾಕಿಕೊಂಡರು. ತಮ್ಮದೇ ಅಕ್ಷರವನ್ನು, ಬೇರೆ ಯಾರದ್ದೋ ಎಂಬಂತೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದಿದರು. ನಾನು ಎರಡೂ ಕೈಯಲ್ಲಿ ಲೋಟವನ್ನು ಮುಂದೆ ಹಿಡಿದು ಕಾಯುತ್ತಿದ್ದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಅಕ್ಷರ ಅಷ್ಟು ಚೆನ್ನಾಗಿಲ್ಲ," ಎಂದರು.

"ನನಗೆ ಓದೋಕೆ ಬರಲಿಲ್ಲ," ಎಂದೆ.

ಆಗಲೇ ಸೆನ್ಸೇ ಎದ್ದು ನಿಂತದ್ದು. ಗೋಡೆಯನ್ನು ಅವರು ಆಗಲೇ ಓದಿದ್ದರು, ಆದರೆ ಅದರ ಕಡೆ ನೋಡದೆ, ನೆಲದ ಹಾಸುಗಂಬಳಿಗೆ ಹೇಳುವಂತೆ ಹೇಳಿದರು. "ಈ ಧಾಟಿಯನ್ನ ನಾನು ಹೊಸದಾಗಿ ಬರೆದಿದ್ದು ಮಾರ್ಚಿನ ಕೊನೇ ವಾರ. ಕರೆಂಟು ಹೋಗಿತ್ತು, ಕಾರಲ್ಲಿ ಕೂತು ಬರೆದೆ. ಈ ವರ್ಷ ಮಕ್ಕಳು ಒಟ್ಟಿಗೆ ಸೇರೋಕೆ ಆಗುತ್ತೋ ಇಲ್ವೋ ಅನ್ನೋದೇ ಗೊತ್ತಿರಲಿಲ್ಲ. ಮೂರನೇ ಸಾಲಿಗೆ ಹೊಸ ಮಕ್ಕಳು ಬಂದಿದ್ದು ಜೂನ್‌ನಲ್ಲಿ. ಅಷ್ಟೇ." ತಲೆ ಬಾಗಿಸಿ ಕುಳಿತರು. ಮೆಟ್ಟಿಲು ಈ ವರ್ಷ ಇರುವುದಿಲ್ಲ ಎಂದು ತೀರ್ಮಾನವಾಯಿತು.

ಅಷ್ಟು ಸಾಕಾಗಬೇಕಿತ್ತು. ನನಗೆ ಸಾಕಾಗಲಿಲ್ಲ. ಆಕೆ ಅಳಬೇಕಿತ್ತು, ಬೆವರಬೇಕಿತ್ತು, ಲೋಟ ಕೈಜಾರಿ ಬೀಳಬೇಕಿತ್ತು. ಏನೂ ಆಗಲಿಲ್ಲ. ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, ಉಳಿದ ಚೀಟಿಗಳನ್ನು ಡಬ್ಬಿಗೆ ಹಾಕಿ, ಹೊರಡುವಾಗ ನನಗೆ ಬಾಗಿದರು. ಎಂದಿನಷ್ಟೇ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಮೂರು ದಿನ ಕುದಿಸಿದ್ದು ಕೊನೆಗೆ ಹೀಗೆ ಉಪ್ಪಿಲ್ಲದ ಸಾರಾಯಿತಲ್ಲ ಎಂದು ನಾನು ಪಿನ್ನುಗಳನ್ನು ಕೀಳುತ್ತಾ ನಿಂತೆ.

ಮಗಳು ಬಾರ್ಲಿ ನೀರಿನ ಕೆಟಲು ತುಂಬಿಸಿಕೊಳ್ಳಲು ಒಳಗೆ ಬಂದಳು. ಬಿಳಿ ಹಾಳೆ ಇನ್ನೂ ಗೋಡೆಯ ಮೇಲಿತ್ತು. ಅದನ್ನು ನೋಡಿದಳು, ಅದರ ಕೆಳಗಿನ ಮೇಜನ್ನು ನೋಡಿದಳು, ನನ್ನನ್ನು ನೋಡಿದಳು.

"ಕಾಂಜಿ ಕಷ್ಟ ಅಂದ್ಯಂತೆ," ಎಂದಳು ಕನ್ನಡದಲ್ಲಿ, ಮೆಲ್ಲಗೆ.

"ಹೂಂ."

"ಓದಿ ಹೇಳಿದ್ದು ನಾನೇ ಅಲ್ವಾ."

"ಹೂಂ."

"ಯೂ ಆರ್ ಸ್ಕೇರಿ, ಅಮ್ಮ." ಕೆಟಲಿನ ಮುಚ್ಚಳ ಹಾಕಿದಳು. "ನೀನು ಹೋಗಿರು. ನಂಗೆ ಲೇಟಾಗತ್ತೆ. ಒಂದು ಕೆಲಸ ಇದೆ."

ಯಾವ ಕೆಲಸವೆಂದು ನಾನು ಕೇಳಲಿಲ್ಲ. ತುತ್ತೂರಿಯನ್ನು ಹಿಂದಿರುಗಿಸುವುದಕ್ಕೂ ಅಲ್ಲಿ ಒಂದು ಫಾರಂ ತುಂಬಬೇಕು, ಸಹಿ ಹಾಕಬೇಕು. ಅದೇ ಇರಬೇಕೆಂದುಕೊಂಡು ಒಬ್ಬಳೇ ಮನೆಗೆ ಬಂದೆ.

ಮಧ್ಯಾಹ್ನವೆಲ್ಲ ಒಗೆದ ಬಟ್ಟೆ ಮಡಿಸುತ್ತಾ ನನಗೆ ನಾನೇ ವಾದಿಸಿಕೊಂಡೆ. ಆಕೆಯನ್ನು ಅಷ್ಟು ಜನರ ನಡುವೆ ಒಂಟಿ ಕೂರಿಸಿದೆ, ಸರಿ. ಅದರಿಂದ ಮಗಳಿಗೆ ಸಿಕ್ಕಿದ್ದೇನು? ಅವಳು ಸಂಜೆ ಖಾಲಿ ಕೈಯಲ್ಲಿ ಬರುತ್ತಾಳೆ. ಬರಿಗೈಯಲ್ಲಿ ಬಂದ ಮಗುವಿಗೆ ನಿನ್ನ ಪರವಾಗಿ ನಾನು ಮೇಜು ಎಳೆದೆ ಎಂದು ಹೇಳಲೇ? ಹಾಗೆ ಅನ್ನಿಸಿದಾಗಲೂ ಪಶ್ಚಾತ್ತಾಪ ಬರಲಿಲ್ಲ. ಮುಂದಿನ ಸಲ ಇನ್ನೂ ಸಣ್ಣ ನಲ್ಲಿಯ ಪಾತ್ರೆ ಇಡಬೇಕೆಂದು ಬಂತು. ಬಾಲ್ಕನಿಯಲ್ಲಿ ನಿಂತು ನೋಡಿದೆ. ಐದು ಗಂಟೆಗೆ ಮಕ್ಕಳೆಲ್ಲ ಮನೆಗೆ ಹೋಗಿ ಎಂದು ಊರಿನ ಧ್ವನಿವರ್ಧಕದಲ್ಲಿ ಗಂಟೆಯ ರಾಗ ಬಂದು ನಿಂತಿತು. ಮಗಳು ಬರಲಿಲ್ಲ.

ಐದೂಕಾಲಕ್ಕೆ ಬಾಗಿಲ ಬೆಲ್ಲಾಯಿತು. ಎದುರು ಮನೆಯ ಮೈಸೂರಿನವರು. ಅವರ ಗಂಡ ಸಾಫ್ಟ್‌ವೇರ್ ಕಂಪನಿಯವರು. ಮನೆಯಲ್ಲಿ ಬೇಸರವಾದಾಗಲೆಲ್ಲ ಈಕೆ ಪೇಟೆಯ ಕಡೆ ಹೋಗಿ, ಕಂಡದ್ದನ್ನೆಲ್ಲ ಹೇಳಲು ನಮ್ಮ ಮನೆಗೆ ಬರುತ್ತಿದ್ದರು. ಕೈಯಲ್ಲಿ ಕೊಂಬಿನಿ ಅಂಗಡಿಯ ಚೀಲ. ಚಪ್ಪಲಿ ಬಿಡುವಷ್ಟು ಪುರುಸೊತ್ತಿಲ್ಲವೆಂದು ಹೊಸ್ತಿಲಲ್ಲೇ ನಿಂತರು.

"ಒಂಚೂರು ಹುಣಸೆಹಣ್ಣು ಇದ್ರೆ ಕೊಡ್ರೀ. ಏನು, ಮುಖ ಯಾಕೆ ಹಾಗಿದೆ?"

"ಏನಿಲ್ಲ. ಮಗಳು ಇನ್ನೂ ಬಂದಿಲ್ಲ."

"ಅಯ್ಯೋ, ಅವಳಾ? ಬಸ್ ಸ್ಟಾಪ್ ಪಕ್ಕದ ಪಾರ್ಕಲ್ಲಿ ಇದಾಳೆ. ಈಗ ನೋಡ್ಕೊಂಡೇ ಬಂದೆ."

"ಒಬ್ಬಳೇನಾ?"

"ಯಾರೋ ವಯಸ್ಸಾದ ಜಪಾನಿ ಹೆಂಗಸು, ಮಡಿಲಲ್ಲಿ ಅದೇನೋ ಚೀಟಿಗಳ ಡಬ್ಬಿ ಇಟ್ಕೊಂಡು ಬೆಂಚಲ್ಲಿ ಕೂತಿದಾರೆ. ಇವಳು ಎದುರಿಗೆ ನಿಂತು ಊದ್ತಾ ಇದಾಳೆ. ಒಂದೊಂದೇ ಮೇಲಕ್ಕೆ ಹತ್ಕೊಂಡು ಹೋಗತ್ತೆ, ಎಲ್ಲೋ ಒಂದ್ಕಡೆ ಕೆಡತ್ತೆ, ಮತ್ತೆ ಮೊದಲಿಂದ. ಆಕೆ ಎದ್ದರೆ ಇವಳು ಬಗ್ಗಿ ನಮಸ್ಕಾರ ಮಾಡಿ, ಇನ್ನೊಂದ್ಸಲ ಕೇಳಿ ಹೇಳಿ ಅಂತ ಮತ್ತೆ ಕೂರಿಸ್ತಾಳೆ. ಅಷ್ಟು ಮರ್ಯಾದೆಯಾಗಿ ಕೇಳಿದ್ರೆ ಯಾರು ತಾನೇ ಎದ್ದು ಹೋಗ್ತಾರೆ ಹೇಳಿ." ಹುಣಸೆಹಣ್ಣಿನ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರು. "ನಾನು ನೋಡ್ತಾ ಇದ್ದ ಹಾಗೇ ಆಕೆದು ಮೂರು ಬಸ್ಸು ಹೋಯ್ತು ರೀ, ಪಾಪ."